ಕಿರುಬೆರಳಿನ ಪರೀಕ್ಷೆ

ಜೀಪು ಪುಲ್ಪಳ್ಳಿ ದಾಟುವ ಮೊದಲೇ ಪಂಕ್ಚರ್ ಆಗಬಹುದು. ಆಗದೇ ಹೋದರೆ ಘಾಟಿಯ ಒಂಬತ್ತು ತಿರುವುಗಳಲ್ಲಿ ಯಾವುದಾದರೊಂದರಲ್ಲಿ ಉದ್ದನೆಯ ಲಾರಿ ಅಡ್ಡ ಸಿಕ್ಕಿಕೊಂಡು, ನಾವು ಅರ್ಧ ದಿನ ಕೋತಿಗಳ ಮುಖ ನೋಡುತ್ತ ಕೂರಬೇಕಾಗಬಹುದು. ಅಕ್ಕ ನಾಲ್ಕು ಗಂಟೆಗೊಮ್ಮೆ ನುಂಗಬೇಕಾದ ಮಾತ್ರೆಯ ಡಬ್ಬಿ ಅಡುಗೆಮನೆಯ ಕಿಟಕಿಯಲ್ಲೇ ಉಳಿದುಬಿಡಬಹುದು. ಕೋಯಿಕ್ಕೋಡಿನ ಆಸ್ಪತ್ರೆಯಲ್ಲಿ ಅವಳ ಹೆಸರಿನವಳೇ ಇನ್ನೊಬ್ಬ ಹೆಂಗಸಿದ್ದು, ಅವಳ ಮೊಣಕಾಲಿನ ಬದಲು ಇವಳ ಮೊಣಕಾಲನ್ನು ಕೊಯ್ಯಬಹುದು. ಸಹಿ ಹಾಕುವಾಗ ನಾನೇ ತಲೆಸುತ್ತಿ ಬಿದ್ದು, ನನ್ನನ್ನು ನೋಡಿಕೊಳ್ಳಲು ಅಕ್ಕ ಮಂಚದಿಂದ ಇಳಿಯಬೇಕಾಗಬಹುದು. ಅರಿವಳಿಕೆ ಕೊಟ್ಟ ಮೇಲೆ ಉಸಿರಾಟದ ಸ್ನಾಯುಗಳು ವಾಪಸ್ ಕೆಲಸಕ್ಕೆ ಬಾರದೇ ಹೋಗಬಹುದು. ಅವಳ ಕಾಯಿಲೆಯಲ್ಲಿ ಅದು ಬರೀ ನನ್ನ ಕಲ್ಪನೆಯಲ್ಲ, ಡಾಕ್ಟರೇ ಹೇಳಿದ್ದು. ಧ್ವನಿ ಹೋಗಬಹುದು. ಎಲ್ಲ ಚೆನ್ನಾಗಿ ಆಗಿ, ಹೊಲಿಗೆ ಬಿಚ್ಚುವ ಹೊತ್ತಿಗೆ ಕೀವು ತುಂಬಿರಬಹುದು. ಇದ್ಯಾವುದೂ ಆಗದಿದ್ದರೂ, ನಾವು ಅಲ್ಲಿರುವಾಗ ಇಲ್ಲಿ ಆನೆ ಗದ್ದೆಗೆ ಇಳಿಯಬಹುದು.

ಹಳೆಯ ಉತ್ತರಪತ್ರಿಕೆಯೊಂದರ ಹಿಂಬದಿಯಲ್ಲಿ ಬರೆದ ಈ ಪಟ್ಟಿ ಇಪ್ಪತ್ತಮೂರಕ್ಕೆ ನಿಂತಿತು, ಕಾರಣ ಹಾಳೆ ಮುಗಿದಿತ್ತು. ನನ್ನ ಹೆಂಡತಿ ಪೂರ್ತಿ ಓದಿ, ಕನ್ನಡಕ ತೆಗೆದು, "ಭೂಕಂಪ ಬಿಟ್ಟಿದ್ದೀರಲ್ಲ?" ಎಂದಳು. ನಾನು ಅಂಚಿನಲ್ಲಿ ಭೂಕಂಪ ಎಂದು ಬರೆದೆ.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೆ ಕೊಳವಳ್ಳಿಯ ನಮ್ಮ ಮನೆಗೇ ಬಂದು ಗದ್ದೆಯನ್ನು ಕೈಗೆ ತೆಗೆದುಕೊಂಡಳು. ನನ್ನ ಕೈಯಲ್ಲಿದ್ದಾಗ ಅದು ಗದ್ದೆಯಾಗಿರಲಿಲ್ಲ, ಒಂದು ಚಿಂತೆಯಾಗಿತ್ತು. ನಾನು ಹೈಯರ್ ಸೆಕೆಂಡರಿ ಶಾಲೆಯಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಶಾಲೆಯಲ್ಲಿ ಎಲ್ಲರೂ ಮಲಯಾಳದಲ್ಲಿ 'ಮಾಷ್' ಎನ್ನುತ್ತಾರೆ. ಅಕ್ಕನೂ ಹಾಗೇ ಕರೆಯುತ್ತಾಳೆ, ಆದರೆ ಅವಳ ಬಾಯಲ್ಲಿ ಅದು ಗೌರವದ ಮಾತಲ್ಲ.

ಅವಳ ಕಾಯಿಲೆ ಮೊದಲು ಗೊತ್ತಾದದ್ದು ಅವಳ ಕೂಗಿನಲ್ಲಿ. ಹೊಳೆದಂಡೆಯ ಕಡೆಯಿಂದ ಅವಳು ಕರೆದರೆ ಕಬಿನಿಯ ಆಚೆ ದಂಡೆಯವರೂ ತಿರುಗಿ ನೋಡುತ್ತಿದ್ದರು. ಆ ಬೇಸಿಗೆಯಲ್ಲಿ ಕೂಗು ಅರ್ಧಕ್ಕೇ ಮೂಗಿಗೆ ಹತ್ತಿ ಇಳಿದುಹೋಗತೊಡಗಿತು. ಆಮೇಲೆ ಎಡಗಣ್ಣಿನ ರೆಪ್ಪೆ ಜೋತುಬಿತ್ತು. ಬೆಳಿಗ್ಗೆ ಸರಿಯಿರುತ್ತಿತ್ತು, ಸಂಜೆಯಾದಂತೆ ಅಂಗಡಿಯ ಶಟರ್ ಇಳಿದಂತೆ ಇಳಿಯುತ್ತಿತ್ತು. ನಾನು ಲಕ್ವ ಎಂದೆ. "ಕಣ್ಣಿಗೂ ವಯಸ್ಸಾಯ್ತದೆ, ಸುಮ್ನಿರು," ಎಂದಳು. ಆದರೆ ಒಂದು ದಿನ ಊಟದ ಮಧ್ಯೆ ಅವಳು ಎಡಗೈಯಿಂದ ಗಲ್ಲವನ್ನು ಮೇಲಕ್ಕೆ ಒತ್ತಿಕೊಂಡು ಅಗಿಯುತ್ತಿದ್ದುದನ್ನು ನೋಡಿದೆ. ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಇತ್ತು. ಹಸಿವಿತ್ತು; ದವಡೆಗೆ ಸುಸ್ತಾಗಿತ್ತು.

ಕೋಯಿಕ್ಕೋಡಿನ ಡಾಕ್ಟರು ಸ್ಕ್ಯಾನ್ ಹಿಡಿದು ಎದೆಮೂಳೆಯ ಹಿಂದೆ ಒಂದು ಗಡ್ಡೆ ತೋರಿಸಿದರು. ಥೈಮಸ್ ಎಂಬ ಗ್ರಂಥಿಯಲ್ಲಿ ಬೆಳೆದದ್ದು. ಅಕ್ಕನ ದೇಹದ ಕಾವಲು ಪಡೆ, ನರ ಸ್ನಾಯುವಿಗೆ ಸುದ್ದಿ ಮುಟ್ಟಿಸುವ ಜಾಗವನ್ನೇ ಶತ್ರುವೆಂದು ತಿಳಿದು ಹೊಡೆಯುತ್ತಿದೆ. ಅದರ ಬೇರು ಈ ಗಡ್ಡೆಯಲ್ಲಿದೆ ಎಂದು ತೋರುತ್ತದೆ. ಎದೆ ತೆರೆದು ತೆಗೆಯಬೇಕು. ಬಿಟ್ಟರೆ ಸುಸ್ತು ಒಂದು ದಿನ ಉಸಿರಿನ ಸ್ನಾಯುವಿಗೂ ಇಳಿಯಬಹುದು. ಇಷ್ಟು ಹೇಳಿ, ನನ್ನ ಕೆಲಸ ಏನೆಂದು ಕೇಳಿ ತಿಳಿದುಕೊಂಡು, ಮಲಯಾಳದಲ್ಲಿ, "ಮಿಕ್ಕಿದ್ದನ್ನು ಮಾಷ್ ನಿಮಗೆ ವಿವರಿಸುತ್ತಾರೆ," ಎಂದು ಅಕ್ಕನ ಕಡೆ ನಕ್ಕರು.

ಮಾಷ್ ಏನು ವಿವರಿಸುತ್ತಾನೆ? 'ಟಿ ಕೋಶಗಳು ಥೈಮಸ್ಸಿನಲ್ಲಿ ಪ್ರೌಢವಾಗುತ್ತವೆ' ಎಂಬ ಅರ್ಧ ಸಾಲನ್ನು ಇಪ್ಪತ್ತನಾಲ್ಕು ವರ್ಷ ಹೇಳಿಕೊಂಡು ಬಂದವನು. ಪ್ರೌಢವಾಗುತ್ತವೆ ಅಂದರೆ ಏನಾಗುತ್ತವೆ ಎಂದು ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ, ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಟಿ ಕೋಶಗಳೇ ಆ ಕಾವಲಿನವರು, ಅವರು ತಯಾರಾಗುವ ಜಾಗ ಥೈಮಸ್ ಎಂದಷ್ಟೇ ಹೇಳಿದೆ. ಅಕ್ಕ ಆಪರೇಷನ್ ಬೇಡವೆಂದಳು. ಜೀಪಿನಲ್ಲೇ ಹೇಳಿದಳು, ಮನೆಗೆ ಬಂದು ಮತ್ತೆ ಹೇಳಿದಳು. "ಕಾವಲಿನೋರು ತಯಾರಾಗೋ ಜಾಗ ಅಂತೀರಿ. ಅದನ್ನೇ ಕಿತ್ತಾಕ್ಬುಟ್ರೆ ಆಮೇಲೆ ಸಣ್ಣ ಜ್ವರ ಬಂದ್ರೂ ಸತ್ತೋಯ್ತೀನಿ. ಅದೂ ಅಲ್ದೆ ಉಸಿರನ್ನ ಮಿಷೀನಿನ ಕೈಗೆ ಕೊಟ್ಟು ಮಲ್ಗೋಕೆ ನಂಗೆ ಪೇಡಿ." ಪೇಡಿ ಅಂದರೆ ಮಲಯಾಳದಲ್ಲಿ ಹೆದರಿಕೆ. ಹೆದರಿಕೆಗೆ ಮಾತ್ರ ಅಕ್ಕ ಯಾವಾಗಲೂ ಪರಭಾಷೆಯ ಶಬ್ದ ಬಳಸುತ್ತಾಳೆ, ಅದು ತನ್ನದಲ್ಲವೆಂಬಂತೆ.

ಎರಡು ವಾರ ನಾನು ಓದಿದೆ. ಕಾಲೇಜು ಬಿಟ್ಟ ಮೇಲೆ ಅಷ್ಟು ಶ್ರದ್ಧೆಯಿಂದ ಓದಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ, ಅಕ್ಕನ ರೆಪ್ಪೆ ಇನ್ನೂ ಮೇಲಿರುವಾಗಲೇ, ಜಗಲಿಯಲ್ಲಿ ಪಾಠ ಶುರುಮಾಡಿದೆ. ಅವಳು ಕಾಲು ಚಾಚಿ ಕೂತು ಗಂಟೆಗಳಿಗೆ ಎಣ್ಣೆ ಹಾಕುತ್ತಿದ್ದಳು.

ಆ ಗಂಟೆಗಳ ವಿಷಯ ಹೇಳಬೇಕು. ಎತ್ತುಗಳು ಹೋದ ಮೇಲೂ ಅವುಗಳ ಕೊರಳ ಗಂಟೆಗಳು ನಮ್ಮಲ್ಲಿ ಉಳಿದಿವೆ. ಭತ್ತ ತೆನೆಯೊಡೆಯುವ ಮುಂಚೆ ಗದ್ದೆಯ ಸುತ್ತ ಬಿದಿರುಗೂಟ ನೆಟ್ಟು, ಗೂಟದಿಂದ ಗೂಟಕ್ಕೆ ತೆಳುವಾದ ತಂತಿ ಎಳೆದು, ಒಂದೊಂದು ತಂತಿಗೆ ಒಂದೊಂದು ಗಂಟೆ ಕಟ್ಟುತ್ತೇವೆ. ಆನೆ ತಗುಲಿದರೆ ಗಂಟೆ ಹೊಡೆಯುತ್ತದೆ, ನಾವು ಚೇಟ್ಟ, ಅಂದರೆ ಅಣ್ಣ, ಎಂದು ಕರೆಯುವ ಪಕ್ಕದ ಮನೆಯವರು ತಗಡು ಬಡಿಯುತ್ತಾರೆ, ಪಟಾಕಿ ಹಚ್ಚುತ್ತಾರೆ. ತಂತಿ ಎಷ್ಟು ಬಿಗಿಯಿರಬೇಕು ಎನ್ನುವುದು ಅಕ್ಕನೊಬ್ಬಳಿಗೇ ಗೊತ್ತು.

ನಾನು ಶುರುಮಾಡಿದೆ. ಥೈಮಸ್ಸಿಗೆ ಬರುವ ಎಳೆಯ ಕೋಶಗಳು ಒಂದೊಂದೂ ತನ್ನ ಮೈಮೇಲೆ ಒಂದು ಗ್ರಾಹಕವನ್ನು ಬೆಳೆಸಿಕೊಳ್ಳುತ್ತವೆ. ಹಿಡಿದು ನೋಡುವ ಕೊಕ್ಕೆ ಅಂದುಕೋ. ಯಾರ ಕೊಕ್ಕೆ ಯಾವ ಆಕಾರಕ್ಕೆ ಬರುತ್ತದೋ ಯಾರೂ ಹೇಳಲಾರರು, ಕಣ್ಣುಮುಚ್ಚಿ ಚೀಟಿ ಎತ್ತಿದ ಹಾಗೆ. ಆಮೇಲೆ ಪರೀಕ್ಷೆ. ದೇಹದ್ದೇ ಚೂರುಪಾರುಗಳನ್ನು ಆ ಕೊಕ್ಕೆಗಳಿಗೆ ಮುಟ್ಟಿಸಿ, ಒಳಗೆ ಎಷ್ಟು ಜೋರಾದ ಸಂಕೇತ ಹೋಗುತ್ತದೆ ಎಂದು ನೋಡುತ್ತಾರೆ.

ಅಕ್ಕ ಎಣ್ಣೆ ಹಾಕುವುದನ್ನು ನಿಲ್ಲಿಸಿದಳು. "ತಡಿ ಮಾಷೆ. ಶತ್ರೂನ ಹಿಡಿಯೋಕಲ್ವಾ ತಯಾರು ಮಾಡ್ತಿರೋದು? ಶತ್ರೂನ ತೋರ್ಸೋದಿಲ್ವಾ?"

"ಇಲ್ಲ. ಮನೆಯೋರನ್ನ ಮಾತ್ರ ತೋರಿಸ್ತಾರೆ. ಅದೇ ನನಗೂ ಸರಿಯಾಗಿ ತಲೆಗೆ ಹೋಗ್ತಿಲ್ಲ," ಎಂದು ಒಪ್ಪಿಕೊಂಡೆ.

ಅವಳಿಗೆ ನಗು ಬಂತು. ನಗುವಾಗಲೂ ಈಗ ಗಲ್ಲಕ್ಕೆ ಕೈ ಬೇಕಿತ್ತು. "ಇದ್ರಲ್ಲಿ ತಲೆಗೆ ಓಗ್ದೆ ಇರೋದೇನದೆ? ತಂತಿ ಕಟ್ದಾಗ ಪರೀಕ್ಷೆಗೆ ಅಂತ ನಾನೇನು ಆನೇನ ಕರ್ಕೊಂಡ್ಬತ್ತೀನಾ? ಬನ್ನಿ ಸಾಮಿ, ಒಸಿ ಸೊಂಡ್ಲು ತಗುಲ್ಸಿ ನೋಡಿ ಅಂತ?"

ಅವಳು ಬಲಗೈಯ ಕಿರುಬೆರಳನ್ನು ಮೇಲೆತ್ತಿದಳು. ಇಷ್ಟು ವರ್ಷ ಪಕ್ಕದಲ್ಲೇ ನಿಂತು ನೋಡಿದ್ದನ್ನು ಆ ದಿನ ಮೊದಲ ಬಾರಿಗೆ ಕೇಳಿಸಿಕೊಂಡೆ. ಹೊಸ ತಂತಿಯ ನಡುಮಧ್ಯೆ ಅವಳು ಆ ಬೆರಳಿನಿಂದ ಒಮ್ಮೆ ಒತ್ತುತ್ತಾಳೆ. ಗಂಟೆಯ ನಾಲಗೆ ಅಲ್ಲಾಡಲೇ ಇಲ್ಲವೋ, ತಂತಿ ಸಡಿಲ. ಆನೆ ಅದನ್ನು ಬಳ್ಳಿಯಂತೆ ಎತ್ತಿ ಒಳಗೆ ಬರುತ್ತದೆ, ಬಿಚ್ಚಿ ಎಸೆ. ಗಣಗಣ ಹೊಡೆಯಿತೋ, ವಿಪರೀತ ಬಿಗಿ. ಗಾಳಿಗೂ ಹೊಡೆಯುತ್ತದೆ, ನಮ್ಮ ಹಸುವಿಗೂ ಹೊಡೆಯುತ್ತದೆ, ಅದನ್ನೂ ಬಿಚ್ಚು. ಟಿಣ್ ಎಂದು ಒಂದೇ ಸಲ ಅಂದು ಸುಮ್ಮನಾಯಿತೋ, ಅದು ನಿಲ್ಲಲಿ.

"ಮನೆಯೋರ ಬೆರಳಿಗೆ ಒಸಿ ಮಿಡೀಬೇಕು, ಕೂಗ್ಬಾರ್ದು. ಅಂಥದ್ದು ಆನೆಗೆ ಕೂಗೇ ಕೂಗ್ತದೆ."

ಎರಡು ವಾರ ಓದಿದ್ದನ್ನು ಅವಳು ಎಣ್ಣೆ ಕೈಯಲ್ಲೇ ಮುಗಿಸಿಬಿಟ್ಟಿದ್ದಳು. ನಿಜಕ್ಕೂ ಅಲ್ಲಿ ನಡೆಯುವುದು ಅದೇ. ಏನೂ ಸಂಕೇತ ಸಿಗದ ಕೋಶ ಯಾರಿಗೂ ಬೇಡವಾಗಿ ಸಾಯುತ್ತದೆ. ಅತಿ ಜೋರಾಗಿ ಸಿಕ್ಕ ಕೋಶ, ಹೊರಗೆ ಹೋದರೆ ಮನೆಯವರನ್ನೇ ಹೊಡೆಯುತ್ತದೆಂದು, ತನ್ನನ್ನು ತಾನೇ ಮುಗಿಸಿಕೊಳ್ಳಬೇಕು. ಬಹುಪಾಲು ಕೋಶಗಳು ಫೇಲಾಗುತ್ತವೆ. ನಮ್ಮ ಶಾಲೆಯ ಫಲಿತಾಂಶ ಹಾಗಿದ್ದರೆ ನನ್ನನ್ನು ಎಂದೋ ಕಾಸರಗೋಡಿಗೆ ಎತ್ತಿಹಾಕುತ್ತಿದ್ದರು. ಹದವಾಗಿ ಮಿಡಿದವು ಮಾತ್ರ ಉಳಿಯುತ್ತವೆ. ಉಳಿದವುಗಳಲ್ಲೂ ಸಂಕೇತ ಗಟ್ಟಿಯಾಗಿ, ತುಸು ಹೆಚ್ಚು ಹೊತ್ತು ನಿಂತರೆ ಅದು ಬೇರೆ ಕೋಶಗಳಿಗೆ ಸಹಾಯ ಮಾಡುವ ಕೋಶವಾಗುತ್ತದೆ. ಮೆಲ್ಲಗೆ ಬಂದು ಬೇಗ ನಿಂತರೆ ಕೊಲ್ಲುವ ಕೋಶ.

"ಇನ್ನೊಂದು ಇದೆ ಅಕ್ಕ," ಎಂದೆ. "ತುಸು ಜಾಸ್ತಿ ಮಿಡಿದೋರನ್ನ ಎಲ್ಲರನ್ನೂ ಸಾಯಿಸೋದಿಲ್ಲ. ಕೆಲವರನ್ನ ಸಮಾಧಾನ ಮಾಡೋ ಕೆಲಸಕ್ಕೆ ಇಟ್ಕೋತಾರೆ. ಉಳಿದೋರು ಸುಮ್ಸುಮ್ನೆ ರೇಗಿದ್ರೆ ತಣ್ಣಗೆ ಮಾಡೋಕೆ."

"ಗಾಳಿಗಂಟೆ," ಎಂದಳು ಅಕ್ಕ, ತಲೆಯೆತ್ತದೆ.

ನಾನು ಅಡುಗೆಮನೆಯ ಸೂರಿನ ಕಡೆ ನೋಡಿದೆ. ಒಂದಿಷ್ಟು ಹೆಚ್ಚು ಬಿಗಿಯಾದ ಒಂದು ತಂತಿಯನ್ನು ಅವಳು ಪ್ರತಿ ವರ್ಷ ಅಲ್ಲಿ ಕಟ್ಟುತ್ತಿದ್ದಳು. ಗದ್ದೆಯ ಗಂಟೆಗಳ ಜೊತೆ ಅದೂ ಹೊಡೆದರೆ ಬರೀ ಗಾಳಿ, ಯಾರೂ ಏಳಬೇಕಾಗಿಲ್ಲ.

ಒಳಗಿನಿಂದ ಹೆಂಡತಿಯ ಧ್ವನಿ ಬಂತು: "ನಮ್ಮನೇಲಿ ಆ ಕೆಲಸಕ್ಕೆ ಇವರೇ ಇದ್ದಾರಲ್ಲ ಅತ್ತಿಗೆ. ಇವರು ಹೆದರಿಕೊಂಡ್ರೆ ಏನೂ ಆಗೋದಿಲ್ಲ ಅಂತ ಅರ್ಥ."

"ಅದ್ಕೇ ಇವನ್ನ ಬಿಚ್ಚಿ ಎಸೀದೆ ಮಡೀಕಂಡಿರೋದು," ಎಂದಳು ಅಕ್ಕ.

ಗಂಟೆಯೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಕೈ ಬೇಗ ಕೆಳಗಿಳಿಯಿತು.

"ಅಂಗಾರೆ ನನ್ನೆದೇಲಿ ಒತ್ತಿ ನೋಡೋ ಬೆರಳು ಮರಗಟ್ಕಂಡದೆ ಅನ್ನು. ಬಿಗಿ ತಂತೀನೂ ಪಾಸ್ ಮಾಡ್ತಾ ಅದೆ."

"ಹಾಗೇ ಅನ್ಕೋತಾರೆ ಡಾಕ್ಟರು. ಗಡ್ಡೆ ಒಳಗೆ ಬಿಗಿ ತಂತಿ ಹಿಡಿಯೋ ಪರೀಕ್ಷೆ ಸರಿಯಾಗಿ ನಡೀತಿಲ್ಲ."

"ಬೆರಳು ತೆಗೆದ್ರೆ ಮುಂದೆ ನೋಡೋರ್ಯಾರು?"

"ನಿನ್ನ ವಯಸ್ಸಿಗೆ ಆ ಗ್ರಂಥಿ ಬಹುಪಾಲು ಕೊಬ್ಬಾಗಿರ್ತದೆ ಅಕ್ಕ. ಒಳ್ಳೆ ತಂತಿಗಳೆಲ್ಲ ಆಗ್ಲೇ ಹೊರಗೆ ನಿಂತು ಕಾಯ್ತಾ ಇವೆ. ನೀನು ಚಿಕ್ಕವಳಿದ್ದಾಗಲೇ ಕಟ್ಟಿದ್ದು. ಆದರೆ ತೆಗೆದ ಮರುದಿನವೇ ವಾಸಿಯಾಗೋದಿಲ್ಲ. ತಿಂಗಳುಗಟ್ಟಲೆ ಬೇಕು, ಮಾತ್ರೆನೂ ಬೇಕು."

ಇದನ್ನು ಹೇಳುವಾಗ ನನ್ನ ಧ್ವನಿ ನಡುಗಲಿಲ್ಲ ಎಂದು ಬರೆಯಬೇಕೆಂದಿದ್ದೆ. ನಡುಗಿತು. ಅಕ್ಕ ಅದನ್ನು ಗಮನಿಸಿ, ಬಹುಶಃ ಅದರಿಂದಲೇ ಧೈರ್ಯ ತಂದುಕೊಂಡು, ಸರಿ ಎಂದಳು. ಆದರೆ ಹೋಗುವ ಮುಂಚೆ ಗದ್ದೆಗೆ ತಂತಿ ಕಟ್ಟಿ ಮುಗಿಯಬೇಕು. ಕಟ್ಟುವವನು ನಾನು. ಪರೀಕ್ಷೆ ಅವಳದ್ದು.

ಮೂರು ದಿನ ಕಟ್ಟಿದೆವು. ಅಂದರೆ ನಾನು ಕಟ್ಟಿದೆ, ಅವಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬೈದಳು. ಕುರ್ಚಿಯನ್ನು ಗೂಟದಿಂದ ಗೂಟಕ್ಕೆ ಹೊತ್ತದ್ದೂ ನಾನೇ. ಮೊದಲ ದಿನ ನಾನು ಕಟ್ಟಿದ್ದೆಲ್ಲ ಜೋತಾಡುತ್ತಿತ್ತು. ಅಕ್ಕ ಕಿರುಬೆರಳು ಒತ್ತಿದಳು, ನಾಲಗೆ ಅಲ್ಲಾಡಲಿಲ್ಲ.

"ಇದೇನು ತಂತಿಯಾ, ಬಟ್ಟೆ ಒಣಗಾಕೋ ಹಗ್ಗವಾ? ಇನ್ನೂ ಎಳಿ."

ಎಳೆದೆ. ಅವಳು ಒತ್ತಿದಳು. ಸದ್ದಿಲ್ಲ.

"ಎಳೀ ಮಾಷೆ. ಸೀಮೆಸುಣ್ಣ ಹಿಡಿದ ಕೈ, ಪಾಪ."

ಅಂಗೈಯಲ್ಲಿ ಬೊಬ್ಬೆ ಬರುವಷ್ಟು ಎಳೆದೆ. ಆಗ ಟಿಣ್ ಎಂದಿತು. ಹೀಗೇ ಒಂದೊಂದೂ. ಒಮ್ಮೆ ನಾನು, "ನಾನೇ ಒತ್ತಿ ನೋಡ್ಲಾ, ನಿನಗೆ ಆಯಾಸ," ಎಂದೆ. "ನಿನ್ನ ಬೆರಳು ನಡುಗ್ತದೆ. ನಿನ್ನ ನಂಬಿದ್ರೆ ಎಲ್ಲಾ ತಂತೀನೂ ಫೇಲು," ಎಂದಳು. ಎಷ್ಟೋ ವರ್ಷಗಳಿಂದ ಆ ಗದ್ದೆಯ ತಂತಿಗಳೆಲ್ಲ ಒಂದೇ ಬೆರಳಿಗೆ ಪಾಸಾಗುತ್ತ ಬಂದಿದ್ದವು. ಅದನ್ನು ಬದಲಿಸಲು ನಾನು ಯಾರು? ಮೂರನೆಯ ಸಂಜೆ ಕೊನೆಯ ತಂತಿ ಪಾಸಾದಾಗ ಅಕ್ಕನ ರೆಪ್ಪೆ ಪೂರ್ತಿ ಇಳಿದಿತ್ತು. ಅವಳು ಇನ್ನೊಂದು ಕಣ್ಣಿನಿಂದಲೇ ಗದ್ದೆಯನ್ನು ಒಂದು ಸುತ್ತು ನೋಡಿ, "ಇನ್ನು ಎಲ್ಲಿಗೆ ಬೇಕಾದ್ರೂ ಕರ್ಕೊಂಡೋಗು," ಎಂದಳು.

ಹೋದೆವು. ಜೀಪು ಪಂಕ್ಚರ್ ಆಗಲಿಲ್ಲ. ಘಾಟಿಯಲ್ಲಿ ಲಾರಿಗಳು ನಮಗೆ ದಾರಿ ಬಿಟ್ಟವು. ಅದೇ ಒಂದು ಅಪಶಕುನವಿರಬಹುದೇ ಎಂದು ಮೂರು ತಿರುವಿನವರೆಗೆ ಯೋಚಿಸಿದೆ. ಮಾತ್ರೆಯ ಡಬ್ಬಿ ನನ್ನ ಜೇಬಿನಲ್ಲಿತ್ತು, ಇನ್ನೊಂದು ಚೀಲದಲ್ಲಿ, ಮತ್ತೊಂದು ಹೆಂಡತಿಯ ಬಳಿ. ಆಪರೇಷನ್ ಕೋಣೆಗೆ ಕರೆದೊಯ್ಯುವಾಗ ಅಕ್ಕ ನನ್ನ ಮುಖ ನೋಡಿ ನರ್ಸಿಗೆ ಮಲಯಾಳದಲ್ಲಿ, "ಇವನಿಗೆ ಒಂದು ಕುರ್ಚಿ ಕೊಡು ಮಗಳೇ," ಎಂದಳು.

ಗಡಿಯಾರ ನೋಡಬಾರದೆಂದು ನಿರ್ಧರಿಸಿ, ಎದುರಿನ ಗೋಡೆಯ ಗಡಿಯಾರವನ್ನೇ ನೋಡುತ್ತ ಕೂತೆ. ಹೆಂಡತಿ ಚಹಾ ತಂದಳು, ಆರಿತು, ಇನ್ನೊಂದು ತಂದಳು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಹೊರಗೆ ಬಂದು, ಗಡ್ಡೆ ಪೂರ್ತಿ ಬಂದಿದೆ, ಎಲ್ಲೂ ಅಂಟಿಕೊಂಡಿರಲಿಲ್ಲ ಎಂದರು. ಉಸಿರಿನ ನಳಿಕೆಯನ್ನು ಮರುದಿನ ಬೆಳಿಗ್ಗೆ ತೆಗೆದರು. ಅಕ್ಕ ತಾನೇ ಉಸಿರಾಡಿದಳು. ಆ ಮೊದಲ ಕೆಲವು ಉಸಿರುಗಳನ್ನು ನಾನು ಎಣಿಸಿದೆ. ನಲವತ್ತಕ್ಕೆ ನನಗೇ ಉಸಿರುಕಟ್ಟಿತು, ನಿಲ್ಲಿಸಿದೆ. ಅವಳ ಮೊದಲ ಮಾತು ಒರಟಾಗಿ, ಪಿಸುದನಿಯಲ್ಲಿ ಬಂತು: "ಗದ್ದೆ?"

ಗದ್ದೆಗೆ ಏನೂ ಆಗಿರಲಿಲ್ಲ. ಆದರೆ ನಾವು ವಾಪಸ್ಸಾದಾಗ ಪಕ್ಕದ ಚೇಟ್ಟ ನಿದ್ದೆಗೆಟ್ಟು ಬಡವಾಗಿದ್ದರು. ಗಂಟೆಗಳು ಹೊತ್ತಿಲ್ಲದ ಹೊತ್ತಿನಲ್ಲಿ ಹೊಡೆಯುತ್ತಿದ್ದವಂತೆ. ಹೋಗಿ ನೋಡಿದರೆ ಕೊಕ್ಕರೆ, ಇಲ್ಲವೇ ಏನೂ ಇಲ್ಲ. "ಕುಳಪ್ಪ ಇಲ್ಲ ಮಾಷೆ," ಎಂದರು. ತೊಂದರೆಯಿಲ್ಲ ಎಂದು ಅದರ ಅರ್ಥ. ಅವರ ಕಣ್ಣು ಬೇರೆಯೇ ಹೇಳುತ್ತಿತ್ತು. ಈ ವರ್ಷ ಗಾಳಿ ಜಾಸ್ತಿ ಎಂದು ನಾವೆಲ್ಲ ಒಪ್ಪಿಕೊಂಡೆವು. ನಾನು ಒಂದೆರಡು ತಂತಿ ಸಡಿಲಿಸಲೇ ಎಂದರೆ ಅಕ್ಕ ಬಿಡಲಿಲ್ಲ. "ನಾನು ಪಾಸ್ ಮಾಡಿದ್ದು. ಮುಟ್ಬೇಡ."

ದಿನಗಳು ಹೋದವು. ಮೊದಲು ರೆಪ್ಪೆ ಸಂಜೆ ಐದರವರೆಗೆ ನಿಂತಿತು, ಆಮೇಲೆ ಏಳರವರೆಗೆ. ಒಂದು ಮಧ್ಯಾಹ್ನ ಅವಳ ತಟ್ಟೆ ಖಾಲಿಯಾಗಿತ್ತು. ಎಡಗೈ ತೊಡೆಯ ಮೇಲಿತ್ತು. ಹೆಂಡತಿಯೂ ನಾನೂ ಅದನ್ನೇ ನೋಡಿದೆವು. ಅಕ್ಕ, "ಏನ್ ಹಂಗ್ ನೋಡ್ತೀರಿ, ಅನ್ನ ಇಕ್ಕಿ," ಎಂದಳು.

ಕೊಯ್ಲಿಗೆ ಎರಡು ವಾರವಿರುವಾಗ, ಒಂದು ಬೆಳಿಗ್ಗೆ, ಯಾರನ್ನೂ ಕೇಳದೆ ಅವಳು ಗದ್ದೆಗಿಳಿದಳು. ನಾನು ಜಗಲಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತ, ಅವಳು ಬದುವಿನ ಮೇಲೆ ಜಾರುವಳೆಂದು ಹೆದರುತ್ತ ಕೂತಿದ್ದೆ. ಅವಳು ಜಾರಲಿಲ್ಲ. ಹೊಳೆಯ ಕಡೆಯ ಮೊದಲನೇ ತಂತಿಯ ಹತ್ತಿರ ನಿಂತಳು. ಅಭ್ಯಾಸದಂತೆ ಕಿರುಬೆರಳು ಚಾಚಿ ಒತ್ತಿದಳು.

ಗಂಟೆ ಗಣಗಣ ಹೊಡೆಯಿತು. ಅವಳು ಬೆಚ್ಚಿ ಹಿಂದೆ ಸರಿದಳು, ಬೆನ್ನು ಮುಂದಿನ ತಂತಿಗೆ ತಗುಲಿತು, ಅದೂ ಹೊಡೆಯಿತು. ಗೂಟ ಅಲುಗಿ ಅದರಾಚೆಯದೂ. ಪಕ್ಕದ ಮನೆಯಿಂದ ಚೇಟ್ಟ, "ಆನ! ಆನ!" ಎಂದು ಕೂಗುತ್ತ ತಗಡು ಬಡಿಯುತ್ತ ಓಡಿಬಂದರು. ಆನೆ ಎಲ್ಲಿದೆಯೆಂದು ನೋಡುವ ಮುಂಚೆಯೇ ಪಟಾಕಿ ಹಚ್ಚಿದರು. ಹೊಳೆಯಾಚೆಯ ದಂಡೆಯಲ್ಲೂ ಯಾರೋ ತಗಡು ಬಡಿಯತೊಡಗಿದರು. ನಾನು ಕೆಂಪು ಪೆನ್ನು ಹಿಡಿದುಕೊಂಡೇ ಓಡಿದೆ.

ಹೋಗುವಷ್ಟರಲ್ಲಿ ನನಗೆ ಅರ್ಥವಾಗಿತ್ತು. ಅಕ್ಕನ ಮರಗಟ್ಟಿದ ಬೆರಳಿನ ಮಾತಿಗೆ ಜಗಲಿಯಲ್ಲಿ ಕೂತು ನಾನೇ ಹೌದೆಂದಿದ್ದೆ; ಆಮೇಲೆ ಮೂರು ದಿನ ಅದೇ ಸೋತ ಬೆರಳಿಗೆ ತಂತಿಗಳನ್ನು ಹೊಂದಿಸಿದ್ದೆ. ಆ ಬೆರಳಿಗೆ ಟಿಣ್ ಎನ್ನುವಷ್ಟು ಬಿಗಿದ ತಂತಿ, ಬಲ ಬಂದ ಬೆರಳಿಗೆ ಕೂಗದೆ ಇನ್ನೇನು ಮಾಡೀತು?

ಅಕ್ಕ ತನ್ನ ಕಿರುಬೆರಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಎರಡು ಕಣ್ಣೂ ಪೂರ್ತಿ ತೆರೆದಿದ್ದವು.

"ನಿಮ್ಮ ಗದ್ದೇಲಿ ಆನೆ ಯಾವುದು ಮಾಷೆ?" ಎಂದು ಏದುಸಿರು ಬಿಡುತ್ತ ಕೇಳಿದರು ಚೇಟ್ಟ.

"ನಾನೇ," ಎಂದು ಅಕ್ಕ ಕೂಗಿ ಹೇಳಿದಳು. ಆಚೆ ದಂಡೆಯವರು ತಗಡು ಬಡಿಯುವುದನ್ನು ನಿಲ್ಲಿಸಿದರು.

ಪಟ್ಟಿಯ ಇಪ್ಪತ್ತಮೂರರಲ್ಲಿ, ಅಂಚಿನ ಭೂಕಂಪವನ್ನೂ ಸೇರಿಸಿ, ಇದೊಂದು ಇರಲಿಲ್ಲ. ಕೊಯ್ಲಿನೊಳಗೆ ಅಷ್ಟೂ ತಂತಿ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಈ ಸಲ ಕುರ್ಚಿ ಬೇಕಾಗಲಿಲ್ಲ.